ಪಾರ್ಕಿನಲ್ಲಿ ಮೈಕು: ಎಷ್ಟು ಜೋರು, ಯಾರ ಅಪ್ಪಣೆ

ಬಡಾವಣೆಯ ಪಾರ್ಕಿನಲ್ಲಿ ಭಾನುವಾರ ಸಂಜೆ ಒಂದು ತಂಡ ಡೊಳ್ಳು ಕುಣಿದರೆ ಅದಕ್ಕೆ ಧ್ವನಿವರ್ಧಕದ ಪರವಾನಗಿ ಬೇಕಾಗುವುದಿಲ್ಲ. ಅದೇ ಪಾರ್ಕಿನ ಇನ್ನೊಂದು ಮೂಲೆಯಲ್ಲಿ ನಿವೃತ್ತ ಮೇಷ್ಟ್ರೊಬ್ಬರು ಇಪ್ಪತ್ತು ಮಕ್ಕಳನ್ನು ಕೂರಿಸಿಕೊಂಡು, ಗಂಟಲು ಸಾಲದೆ ಅಂಗೈಯಗಲದ ಸ್ಪೀಕರಿಗೆ ಮೈಕು ಸಿಕ್ಕಿಸಿ ಕಥೆ ಹೇಳಿದರೆ, ನಿಯಮದ ಅಕ್ಷರ ಹಿಡಿದು ಹೋದರೆ, ಪರವಾನಗಿ ಬೇಕು. ಅದೂ ಲಿಖಿತವಾಗಿ, ಮುಂಚಿತವಾಗಿ. ಡೊಳ್ಳು ರಸ್ತೆಯಾಚೆಯ ಮೂರನೇ ಮಹಡಿಗೂ ಕೇಳುತ್ತದೆ. ಮೇಷ್ಟ್ರ ಕಥೆ ನಾಲ್ಕು ಬೆಂಚು ದಾಟಿದರೆ ಹೆಚ್ಚು.

ಇದಕ್ಕೆ ಕಾರಣ ಪರಿಸರ ಸಂರಕ್ಷಣಾ ಕಾಯ್ದೆಯಡಿ 2000ದಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಶಬ್ದಮಾಲಿನ್ಯ ನಿಯಂತ್ರಣ ನಿಯಮಗಳು. ಅವುಗಳಲ್ಲಿ ಐದನೆಯದು ಧ್ವನಿವರ್ಧಕದ ನಿಯಮ. ಅಧಿಕಾರಿಯ ಲಿಖಿತ ಅನುಮತಿಯಿಲ್ಲದೆ ಧ್ವನಿವರ್ಧಕ ಬಳಸುವಂತಿಲ್ಲ. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಸಭಾಂಗಣದಂಥ ಮುಚ್ಚಿದ ಜಾಗ ಬಿಟ್ಟು ಬೇರೆಲ್ಲೂ ಸಲ್ಲದು. ಆ ಹೊತ್ತಿನಲ್ಲಿ ಮಾತ್ರ ವಾದ್ಯಗಳಿಗೂ ನಿಷೇಧ ಉಂಟು, ಹಗಲಲ್ಲಿ ಡೊಳ್ಳು ತಪ್ಪಿಸಿಕೊಳ್ಳುತ್ತದೆ. ಸಾರ್ವಜನಿಕ ಜಾಗದ ಗಡಿಯಲ್ಲಿ ಅಳೆದಾಗ ಸದ್ದು ಆ ಪ್ರದೇಶಕ್ಕೆ ನಿಗದಿಯಾದ ಮಟ್ಟಕ್ಕಿಂತ 10 ಡೆಸಿಬಲ್ ಹೆಚ್ಚು ಅಥವಾ 75 ಡೆಸಿಬಲ್, ಇವೆರಡರಲ್ಲಿ ಯಾವುದು ಕಡಿಮೆಯೋ ಅದನ್ನು ಮೀರಬಾರದು. ಜನವಸತಿ ಪ್ರದೇಶದ ಹಗಲಿನ ಮಟ್ಟ 55. ಹಾಗಾಗಿ ಬಡಾವಣೆಯ ಪಾರ್ಕಿನ ಬೇಲಿಯ ಹತ್ತಿರ ಮಿತಿ 65. ಈ 65 ಎಂಬ ಸಂಖ್ಯೆಯನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಮೈಕಿನ ಜಗಳದಲ್ಲಿ ಆಯೋಜಕರಾಗಲಿ ಪಾರ್ಕಿನೆದುರು ಮನೆಯವರಾಗಲಿ ಇದರ ಹೆಸರೆತ್ತುವುದು ಅಪರೂಪ.

ಬೆಂಗಳೂರಿನಲ್ಲಿ ಈ ಅನುಮತಿ ಪಡೆಯುವ ದಾರಿ ಹೇಗಿದೆ? ಮೊದಲು ಪಾರ್ಕು ಯಾರದು ಎಂದು ತಿಳಿಯಬೇಕು. ಕಬ್ಬನ್ ಪಾರ್ಕ್, ಲಾಲ್‌ಬಾಗ್ ತೋಟಗಾರಿಕೆ ಇಲಾಖೆಯವು. ಬಡಾವಣೆಯ ಪಾರ್ಕು ಸಾಮಾನ್ಯವಾಗಿ ಪಾಲಿಕೆಯದು. 2025ರ ಸೆಪ್ಟೆಂಬರ್‌ನಿಂದ ಪಾಲಿಕೆ ಒಂದು ಹೋಗಿ ಐದಾಗಿರುವುದರಿಂದ ಯಾವ ಪಾಲಿಕೆ ಎಂಬ ಪ್ರಶ್ನೆಯೂ ಸೇರಿಕೊಂಡಿದೆ. ಹೊಸ ಬಡಾವಣೆಯಾದರೆ ಇನ್ನೂ ಬಿಡಿಎ ಕೈಯಲ್ಲೇ ಇರಬಹುದು. ಜಾಗದವರು ಒಪ್ಪಿದ ಮೇಲೆ ಸದ್ದಿಗೆ ಪೊಲೀಸರು ಒಪ್ಪಬೇಕು. 2022ರ ಮೇ ತಿಂಗಳಲ್ಲಿ, ಮಸೀದಿ-ದೇವಸ್ಥಾನಗಳ ಧ್ವನಿವರ್ಧಕದ ಗಲಾಟೆ ಕಾವೇರಿದ್ದಾಗ, ರಾಜ್ಯ ಸರ್ಕಾರ ಸುತ್ತೋಲೆ ಹೊರಡಿಸಿ ಅರ್ಜಿ ತೀರ್ಮಾನಿಸಲು ಸಮಿತಿಗಳನ್ನು ಮಾಡಿತು. ಪೊಲೀಸ್ ಕಮಿಷನರೇಟ್ ಇರುವ ನಗರಗಳಲ್ಲಿ ಎಸಿಪಿ, ಪಾಲಿಕೆಯ ಕಾರ್ಯಪಾಲಕ ಎಂಜಿನಿಯರ್ ಮತ್ತು ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರತಿನಿಧಿ. ಉಳಿದ ಕಡೆ ಡಿವೈಎಸ್‌ಪಿ, ತಹಶೀಲ್ದಾರ್ ಮತ್ತು ಮಂಡಳಿಯ ಪ್ರತಿನಿಧಿ. ವರ್ಷವಿಡೀ ಮೊಳಗುವ ಮೈಕನ್ನು ಮನಸ್ಸಿನಲ್ಲಿಟ್ಟುಕೊಂಡು ಕಟ್ಟಿದ ಈ ಯಂತ್ರದ ಮುಂದೆ ಎರಡು ಗಂಟೆಯ ಸುಗಮ ಸಂಗೀತದವರೂ ನಿಲ್ಲಬೇಕು.

ಆಯೋಜಕರ ಅಳಲು ಶುರುವಾಗುವುದು ಇಲ್ಲಿಂದಲೇ. ಇವರಲ್ಲಿ ಹೆಚ್ಚಿನವರು ಸಂಸ್ಥೆಯೂ ಅಲ್ಲ, ಉದ್ಯಮವೂ ಅಲ್ಲ. ಬೀದಿನಾಟಕದ ಹುಡುಗರು, ಹಿರಿಯ ನಾಗರಿಕರ ಭಜನಾ ಮಂಡಳಿ, ಬಡಾವಣೆಯ ಕನ್ನಡ ಸಂಘ, ಬೇಸಿಗೆ ಶಿಬಿರ ನಡೆಸುವ ತಾಯಂದಿರು. ಜಾಗದ ಒಪ್ಪಿಗೆ ಪತ್ರ ತನ್ನಿ ಎಂದು ಠಾಣೆಯವರು, ಠಾಣೆಯವರು ಒಪ್ಪಿದರೆ ನಮ್ಮದೇನೂ ಅಡ್ಡಿಯಿಲ್ಲ ಎಂದು ಪಾರ್ಕಿನವರು. ಎರಡು ಕಚೇರಿಯ ನಡುವೆ ಮೂರು ದಿನ ಅಲೆಯಲು ಕೆಲಸಕ್ಕೆ ಹೋಗುವವರಿಗೆ ಬಿಡುವೆಲ್ಲಿದೆ? ಸಭಾಂಗಣಕ್ಕೆ ಹೋಗೋಣವೆಂದರೆ ಬಾಡಿಗೆ ಕೈಗೆಟುಕುವುದಿಲ್ಲ. ಪಾರ್ಕು ತೆರಿಗೆಯ ಹಣದಿಂದ ಬೆಳೆದದ್ದು, ಅಲ್ಲಿ ಕೂತು ಹಾಡು ಕೇಳಲು ಟಿಕೆಟ್ ಬೇಡ, ಮನೆಗೆಲಸದಾಕೆಯೂ ಅವಳ ಮಗನೂ ನಿಂತು ಕೇಳಬಹುದು. ಮೈಕಿಲ್ಲದೆ ಮಾಡಿ ಎನ್ನುವುದು ಸುಲಭ. ಸುತ್ತಲೂ ಹಾರ್ನ್ ಹೊಡೆಯುವ ಊರಿನಲ್ಲಿ ಐವತ್ತು ಮಂದಿಯ ಹಿಂದಿನ ಸಾಲಿಗೆ ಬರಿಗಂಟಲಿನ ಮಾತು ಮುಟ್ಟುವುದಿಲ್ಲ. ವಯಸ್ಸಾದವರು, ಕಿವಿ ಮಂದವಾದವರು ಮೊದಲು ಎದ್ದುಹೋಗುತ್ತಾರೆ. ಯಾರಿಗಾಗಿ ಕಾರ್ಯಕ್ರಮವೋ ಅವರೇ.

ಅವರ ಇನ್ನೊಂದು ಮಾತು ಹೆಚ್ಚು ಚುಚ್ಚುತ್ತದೆ, ಮತ್ತು ಅದು ನಿಜ ಕೂಡ. ಅನುಮತಿಯ ಭಾರ ಬೀಳುವುದು ಅನುಮತಿ ಕೇಳುವವರ ಮೇಲೆ ಮಾತ್ರ. ನಾಯಕರ ಹುಟ್ಟುಹಬ್ಬಕ್ಕೆ ರಸ್ತೆಗೆ ಅಡ್ಡಲಾಗಿ ಪೆಂಡಾಲ್ ಹಾಕಿ ಬಾಕ್ಸ್ ಮೇಲೆ ಬಾಕ್ಸ್ ಪೇರಿಸುವವರು ಅರ್ಜಿ ಬರೆದರೋ ಇಲ್ಲವೋ ಯಾರೂ ವಿಚಾರಿಸುವುದಿಲ್ಲ. ವಿಚಾರಿಸಲು ಹೋದವರಿಗೆ ಸಿಗುವ ಉತ್ತರ, "ಒಂದೇ ದಿನ ಅಲ್ವಾ ಸರ್, ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ." ಹೀಗಾಗಿ ಕಾನೂನಿಗೆ ತಲೆಬಾಗುವ ಸಣ್ಣವರು ಬೇಸತ್ತು ಕಾರ್ಯಕ್ರಮ ಕೈಬಿಡುತ್ತಾರೆ, ತಲೆಬಾಗದ ದೊಡ್ಡವರು ಮೊಳಗುತ್ತಲೇ ಇರುತ್ತಾರೆ. ಊರಿನ ಒಟ್ಟು ಗದ್ದಲ ಇಳಿಯುವುದಿಲ್ಲ. ಒಳ್ಳೆಯ ಸದ್ದು ಮಾತ್ರ ಕಡಿಮೆಯಾಗುತ್ತದೆ.

ಒಳ್ಳೆಯ ಸದ್ದು ಎಂದೆ. ಪಾರ್ಕಿನೆದುರು ಮನೆಯಿರುವವರು ಇಲ್ಲೇ ಕೈ ಹಿಡಿದು ನಿಲ್ಲಿಸುತ್ತಾರೆ. ಯಾರಿಗೆ ಒಳ್ಳೆಯದು?

ಅವರ ಪಕ್ಷವನ್ನು ಸ್ವಲ್ಪ ನಿಧಾನವಾಗಿ ಕೇಳಬೇಕು. ಕಲೆ, ಸಂಸ್ಕೃತಿ ಎಂದೊಡನೆ ಅವರು ರಸಹೀನರ ಹಾಗೆ ಕಾಣಿಸಿಬಿಡುತ್ತಾರೆ. ರಾತ್ರಿ ಪಾಳಿ ಮುಗಿಸಿ ಬೆಳಗ್ಗೆ ಏಳಕ್ಕೆ ಮಲಗುವ ನರ್ಸ್, ಪಿಯುಸಿ ಪರೀಕ್ಷೆಗೆ ಓದುವ ಹುಡುಗಿ, ಹಾಸಿಗೆ ಹಿಡಿದ ಅಜ್ಜ, ಆರು ತಿಂಗಳ ಮಗುವಿನ ತಾಯಿ. ಕಾರ್ಯಕ್ರಮಕ್ಕೆ ಬಂದವರು ಬೇಡವೆನಿಸಿದರೆ ಎದ್ದು ಹೋಗಬಹುದು. ಇವರು ಎಲ್ಲಿಗೆ ಹೋಗಬೇಕು? ಕಿಟಕಿ ಮುಚ್ಚಿದರೂ ತಾಳದ ದಪ್ಪ ಸದ್ದು, ಸೌಂಡ್ ಸಿಸ್ಟಂನವರು ಬೇಸ್ ಎನ್ನುವುದು, ಗೋಡೆ ದಾಟಿ ಬರುತ್ತದೆ. ತಗ್ಗು ಕಂಪನಾಂಕದ ಸದ್ದನ್ನು ಗಾಜು, ಗೋಡೆ ತಡೆಯುವುದು ಕಡಿಮೆ. ಮಾತು ಬೇಲಿ ದಾಟುವಷ್ಟರಲ್ಲಿ ಮಸುಕಾಗುತ್ತದೆ, ಡ್ರಮ್ಮಿನ ಏಟು ಮಲಗುವ ಕೋಣೆಯವರೆಗೆ ಬರುತ್ತದೆ. "ಒಂದೇ ದಿನ" ಎಂಬುದು ಪ್ರತಿ ಸಂಘಕ್ಕೂ ಒಂದೇ ದಿನ. ಗಣೇಶ, ನವರಾತ್ರಿ, ರಾಜ್ಯೋತ್ಸವ, ಅಣ್ಣಮ್ಮ, ಆರೋಗ್ಯ ಶಿಬಿರ, ಜುಂಬಾ ಎಂದು ಎದುರು ಮನೆಯವರಿಗೆ ಅದು ವರ್ಷವೆಲ್ಲ ಹರಡಿಕೊಂಡಿರುತ್ತದೆ.

ಧ್ವನಿವರ್ಧಕದ ಬಗ್ಗೆ ಸುಪ್ರೀಂ ಕೋರ್ಟಿನ ಅತಿ ಮುಖ್ಯ ತೀರ್ಪು ಬಂದದ್ದು 2005ರ ಜುಲೈ 18ರಂದು, ಮುಖ್ಯ ನ್ಯಾಯಮೂರ್ತಿ ಆರ್.ಸಿ. ಲಾಹೋಟಿ ಅವರ ಪೀಠದಿಂದ. ಆ ಪ್ರಕರಣದ ಹಿಂದೆ ಒಂದು ಘೋರ ಸಂಗತಿಯಿತ್ತು. 13 ವರ್ಷದ ಬಾಲಕಿಯ ಮೇಲೆ ಅತ್ಯಾಚಾರ ನಡೆದಾಗ ನೆರೆಯಲ್ಲಿ ಮೊಳಗುತ್ತಿದ್ದ ಸಂಗೀತದಲ್ಲಿ ಆಕೆಯ ಕೂಗು ಮುಳುಗಿಹೋಗಿತ್ತು. ಅದನ್ನು ಓದಿ ಕಲಕಿದ ನಾಗರಿಕರೊಬ್ಬರು ಕೋರ್ಟಿಗೆ ಹೋದರು. ಮಾತನಾಡುವ ಹಕ್ಕು ಎಲ್ಲರಿಗೂ ಇದೆ, ಆದರೆ ಮಾತನ್ನು ಯಂತ್ರದಿಂದ ಹಿಗ್ಗಿಸಿ ಕೇಳಲೊಲ್ಲದವರ ಕಿವಿಗೆ ತುರುಕುವ ಹಕ್ಕು ಅದರೊಳಗಿಲ್ಲ, ನೆಮ್ಮದಿಯಿಂದ ಬದುಕುವುದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ ಎಂಬುದು ತೀರ್ಪಿನ ತಿರುಳು. ಹಬ್ಬಹರಿದಿನಗಳಿಗೆ ರಾಜ್ಯ ಸರ್ಕಾರ ವರ್ಷಕ್ಕೆ 15 ದಿನ ಮೀರದಂತೆ ಮಧ್ಯರಾತ್ರಿವರೆಗೆ ಸಡಿಲಿಕೆ ಕೊಡಬಹುದೆಂಬ ನಿಯಮವನ್ನು ಅದೇ ವರ್ಷ ಅಕ್ಟೋಬರ್‌ನಲ್ಲಿ ಕೋರ್ಟ್ ಎತ್ತಿಹಿಡಿಯಿತು. ಆ ಹದಿನೈದು ದಿನಗಳನ್ನು ಆಯುವುದು ಸರ್ಕಾರ. ಬಡಾವಣೆಯ ನಾಟಕದವರಿಗೆ ಅದರಲ್ಲಿ ಪಾಲು ಸಿಗುವ ಸಂಭವ ಎಷ್ಟೆಂದು ಊಹಿಸಬಹುದು.

ಪಾರ್ಕಿಗೆ ಬರುವವರಲ್ಲೂ ಮೌನ ಬಯಸುವವರು ಒಂದು ದೊಡ್ಡ ಪಂಗಡ ಎಂಬುದನ್ನು ಆಯೋಜಕರು ಮರೆಯುತ್ತಾರೆ. ಬೆಂಗಳೂರಿಗೆ ಈಚಿನ ವರ್ಷಗಳಲ್ಲಿ ಹೆಸರು ತಂದ ಪಾರ್ಕಿನ ಕೂಟ ಯಾವುದೆಂದರೆ ಕಬ್ಬನ್ ರೀಡ್ಸ್. ಮರದ ಕೆಳಗೆ ಚಾಪೆ ಹಾಸಿ ಸುಮ್ಮನೆ ಪುಸ್ತಕ ಓದುವವರ ಗುಂಪು. ಬೇರೆ ಊರುಗಳೂ ಅದನ್ನು ಅನುಸರಿಸಿದವು. ಹಕ್ಕಿಗಳ ಪಾಡು ಬೇರೆ. ನೆದರ್ಲೆಂಡ್ಸಿನ ಲೈಡನ್ ನಗರದಲ್ಲಿ ಗದ್ದಲದ ಜಾಗದ ಗ್ರೇಟ್ ಟಿಟ್ ಹಕ್ಕಿಗಳು ತಗ್ಗಿನ ಸ್ವರ ಬಿಟ್ಟು ಏರುಸ್ವರದಲ್ಲಿ ಹಾಡುತ್ತವೆಂದು 2003ರಲ್ಲೇ ವಿಜ್ಞಾನಿಗಳು ತೋರಿಸಿದ್ದಾರೆ. ಅದು ಊರಿನ ನಿತ್ಯದ ಗದ್ದಲದ ಫಲ, ಒಂದು ಸಂಜೆಯ ಆರ್ಕೆಸ್ಟ್ರಾದ್ದಲ್ಲ. ಹಕ್ಕಿಯ ಹೆಸರು ಹೇಳಿ ಮಕ್ಕಳ ಕಥೆ ನಿಲ್ಲಿಸುವವರೂ ಇದ್ದಾರೆ ಎಂಬುದರಿಂದ ಈ ಮಾತು.

ಎರಡು ಕಡೆಯವರ ಮಾತೂ ಸರಿಯೆನಿಸಿದಾಗ ಸ್ವಲ್ಪ ಲೆಕ್ಕ ಮಾಡುವುದು ಒಳ್ಳೆಯದು. ತೆರೆದ ಬಯಲಿನಲ್ಲಿ ದೂರ ಇಮ್ಮಡಿಯಾದಾಗಲೆಲ್ಲ ಸದ್ದು ಸುಮಾರು 6 ಡೆಸಿಬಲ್ ಇಳಿಯುತ್ತದೆ. ಒಂದು ಮೀಟರ್ ದೂರದಲ್ಲಿ 95 ಡೆಸಿಬಲ್ ಕೊಡುವ ಸ್ಪೀಕರ್ ಎರಡು ಮೀಟರಿನಲ್ಲಿ 89, ನಾಲ್ಕರಲ್ಲಿ 83, ಎಂಟರಲ್ಲಿ 77, ಹದಿನಾರರಲ್ಲಿ 71, ಮೂವತ್ತೆರಡರಲ್ಲಿ 65. ಒಂದು ಎಕರೆಯ ಚೌಕ ಪಾರ್ಕಿನ ಬದಿ ಸುಮಾರು 64 ಮೀಟರ್, ನಡುವಿನಿಂದ ಬೇಲಿಗೆ 32. ಅಂದರೆ ಒಂದು ಎಕರೆಯ ಪಾರ್ಕಿನ ನಟ್ಟನಡುವೆ ಇಟ್ಟ ಸಾಧಾರಣ ಸ್ಪೀಕರ್ ಕಾನೂನಿನ ಮಿತಿಯೊಳಗೆ ಇರಬಲ್ಲದು. ಕಥೆ ಹೇಳುವ ಮೇಷ್ಟ್ರ ಪುಟ್ಟ ಸ್ಪೀಕರ್ 85 ಕೊಟ್ಟರೆ ಹತ್ತೇ ಮೀಟರಿನಲ್ಲಿ 65ಕ್ಕೆ ಇಳಿಯುತ್ತದೆ. ಡಿಜೆ ಬಾಕ್ಸುಗಳ ರಾಶಿ ಒಂದು ಮೀಟರಿನಲ್ಲಿ 120 ಕೊಡುತ್ತದೆ ಎಂದಿಟ್ಟುಕೊಳ್ಳಿ. ಅದು 65ಕ್ಕೆ ಬರಲು ಅರ್ಧ ಕಿಲೋಮೀಟರಿಗೂ ಹೆಚ್ಚು ಬಯಲು ಬೇಕು. ಅಂಥ ಬಡಾವಣೆ ಪಾರ್ಕು ಊರಿನಲ್ಲಿ ಎಲ್ಲಿದೆ? ಸುತ್ತ ಗೋಡೆ, ಕಟ್ಟಡಗಳಿದ್ದರೆ ಸದ್ದು ಪುಟಿದು ಈ ಲೆಕ್ಕ ಹಿಗ್ಗುತ್ತದೆ, ಸ್ಪೀಕರಿನ ಬಾಯಿ ಮನೆಗಳಿಗೆ ಬೆನ್ನು ಮಾಡಿದರೆ ಕುಗ್ಗುತ್ತದೆ. ಏನೇ ಆದರೂ ಕಥೆಯ ಮೈಕು, ಡಿಜೆ ಬಾಕ್ಸು ಒಂದೇ ಅರ್ಜಿಯ, ಒಂದೇ ಸಮಿತಿಯ ವಿಷಯವಲ್ಲ ಎಂಬುದು ಈ ನಾಲ್ಕು ಸಾಲಿನ ಗಣಿತದಿಂದಲೇ ಗೊತ್ತಾಗುತ್ತದೆ.

ಆಯೋಜಕರು ಒಂದು ಪ್ರಶ್ನೆ ಎಸೆಯುತ್ತಾರೆ. ಬೇಲಿಯಾಚೆ ಹೋಗುವ ಬಸ್ಸು 65 ದಾಟುವುದಿಲ್ಲವೆ? ದಾಟುತ್ತದೆ. ದೇಶದ ಏಳು ಮಹಾನಗರಗಳಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 70 ಕಡೆ ಸದ್ದಿನ ಮಾಪಕ ಇಟ್ಟಿದೆ, ಬೆಂಗಳೂರಿನಲ್ಲಿ ಹತ್ತು. ಜನವಸತಿ ಪ್ರದೇಶದ ಹಗಲಿನ 55 ಮೀರುವುದು ಇಲ್ಲಿ ಸುದ್ದಿಯೇ ಅಲ್ಲ. ಬಸ್ಸಿಗಿಲ್ಲದ ಮಿತಿ ಹಾಡಿಗೇಕೆ ಎಂಬ ತರ್ಕಕ್ಕೆ ಎದುರು ಮನೆಯವರಲ್ಲಿ ಉತ್ತರವಿದೆ. ಬಸ್ಸು ಹೋಗಿಬಿಡುತ್ತದೆ. ಹಾಡು ಎರಡು ಗಂಟೆ ಅಲ್ಲೇ ಇರುತ್ತದೆ, ಅದರಲ್ಲಿ ಮಾತೂ ಇರುತ್ತದೆ. ಮಾತಿರುವ ಸದ್ದನ್ನು ಕಿವಿ ಬಿಟ್ಟುಕೊಡುವುದಿಲ್ಲ, ಅರ್ಥ ಹುಡುಕುತ್ತಲೇ ಇರುತ್ತದೆ. ನನಗೆ ಈ ಉತ್ತರವೇ ಹೆಚ್ಚು ತೂಕದ್ದಾಗಿ ಕಾಣುತ್ತದೆ.

ಇಷ್ಟು ಮಟ್ಟದ ವಿಷಯವಾಯಿತು. ಕಷ್ಟದ ಪ್ರಶ್ನೆ ಮುಂದಿದೆ: ಅನುಮತಿ ಕೊಡುವವರು ಯಾವುದನ್ನು ನೋಡಿ ಕೊಡಬೇಕು, ಯಾವುದನ್ನು ನೋಡಿ ನಿರಾಕರಿಸಬೇಕು?

ಈ ಪ್ರಶ್ನೆಯನ್ನು ಪಾರ್ಕು ಮತ್ತು ಮೈಕಿನ ಪ್ರಕರಣದಲ್ಲೇ ಎದುರಿಸಿದ ಹಳೆಯ ತೀರ್ಪೊಂದು ಅಮೆರಿಕದ್ದು. ನ್ಯೂಯಾರ್ಕ್ ರಾಜ್ಯದ ಲಾಕ್‌ಪೋರ್ಟ್ ಎಂಬ ಸಣ್ಣ ಊರಿನ ಪಾರ್ಕಿನಲ್ಲಿ ಯೆಹೋವನ ಸಾಕ್ಷಿಗಳ ಪಂಥದ ಬೋಧಕರೊಬ್ಬರು ಭಾನುವಾರಗಳಂದು ಕಾರಿನ ಮೇಲೆ ಧ್ವನಿವರ್ಧಕ ಕಟ್ಟಿ ಉಪನ್ಯಾಸ ಕೊಡುತ್ತಿದ್ದರು. ಪೊಲೀಸ್ ಮುಖ್ಯಸ್ಥರು ಮೊದಲು ಅನುಮತಿ ಕೊಟ್ಟಿದ್ದರು, ದೂರುಗಳು ಬಂದಮೇಲೆ ಮುಂದುವರಿಸಲಿಲ್ಲ. 1948ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಐದಕ್ಕೆ ನಾಲ್ಕರಂತೆ ಆ ಊರಿನ ನಿಯಮವನ್ನೇ ತಳ್ಳಿಹಾಕಿತು. ಎಷ್ಟು ಜೋರು, ಎಷ್ಟು ಹೊತ್ತು, ಯಾವ ಜಾಗ ಎಂಬ ಯಾವ ಅಳತೆಯೂ ಇಲ್ಲದೆ ಒಬ್ಬ ಅಧಿಕಾರಿಯ ಇಷ್ಟಕ್ಕೆ ಬಿಟ್ಟಿದ್ದೇ ಅದರ ದೋಷ. ಮಾತಿನ ಮೇಲಿನ ಸಿಟ್ಟನ್ನು ಸದ್ದಿನ ಮೇಲಿನ ಸಿಟ್ಟೆಂದು ತೋರಿಸುವುದು ಆಗ ಸುಲಭವಾಗುತ್ತದೆ ಎಂಬುದು ನ್ಯಾಯಮೂರ್ತಿ ಡಗ್ಲಸ್ ಅವರ ಆತಂಕವಾಗಿತ್ತು. ಭಿನ್ನಮತದ ನ್ಯಾಯಮೂರ್ತಿಗಳು ಕೇಳಿದ್ದೂ ನ್ಯಾಯವೇ: ಬುತ್ತಿ ಕಟ್ಟಿಕೊಂಡು ಬಂದ ಸಂಸಾರಗಳಿಗೆ ಭಾನುವಾರ ಸುಮ್ಮನೆ ಕೂರುವ ಹಕ್ಕಿಲ್ಲವೆ? ಮರುವರ್ಷವೇ ಟ್ರೆಂಟನ್ ನಗರದ ಪ್ರಕರಣದಲ್ಲಿ ಅದೇ ಕೋರ್ಟು ಬೀದಿಗಳಲ್ಲಿ ಕರ್ಕಶವಾಗಿ ಅರಚುವ ಧ್ವನಿವರ್ಧಕದ ಗಾಡಿಗಳ ಮೇಲಿನ ನಿಷೇಧವನ್ನು ಒಪ್ಪಿತು. ಎರಡು ತೀರ್ಪು ಒಂದನ್ನೊಂದು ತಳ್ಳಿದಂತೆ ಕಂಡರೂ ಕೂಡಿಸಿ ಓದಿದರೆ ಹಾದಿ ಕಾಣುತ್ತದೆ. ಸದ್ದನ್ನು ಕಟ್ಟಿಹಾಕಬಹುದು, ಆದರೆ ಅಳತೆಗೋಲು ಮೊದಲೇ ಬರೆದಿಟ್ಟಿರಬೇಕು.

ನಮ್ಮಲ್ಲೂ ಇದರ ಜೊತೆಗಾರ ತೀರ್ಪುಂಟು. ಅಹಮದಾಬಾದಿನಲ್ಲಿ ಸಾರ್ವಜನಿಕ ಸಭೆಗೆ ಪೊಲೀಸರು ಅನುಮತಿ ನಿರಾಕರಿಸಿದ ಹಿಮತ್‌ಲಾಲ್ ಶಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 1972ರಲ್ಲಿ ಹೇಳಿದ್ದು ಇದನ್ನೇ. ಸಭೆಗಳನ್ನು ಕ್ರಮಪಡಿಸಬಹುದು, ಆದರೆ ಯಾವ ಮಾರ್ಗಸೂಚಿಯೂ ಇಲ್ಲದೆ ಕೊಡುವ-ಬಿಡುವ ಅಧಿಕಾರವನ್ನು ಅಧಿಕಾರಿಯ ಕೈಗೆ ಒಪ್ಪಿಸುವಂತಿಲ್ಲ. 2000ದ ನಿಯಮಗಳಲ್ಲಿ ಡೆಸಿಬಲ್ ಮಿತಿ ಇದೆ, ಹೊತ್ತಿನ ಮಿತಿ ಇದೆ. ಹಾಗಾಗಿ ಅಳತೆಗೋಲು ಕಾಗದದ ಮೇಲೆ ಇದೆ ಎನ್ನಬೇಕು. ಅರ್ಜಿದಾರರನ್ನು ಠಾಣೆಯಲ್ಲಿ ಮೊದಲು ಕೇಳುವ ಪ್ರಶ್ನೆ ಬೇರೆ: ಯಾರು ನೀವು, ಏನು ವಿಷಯ, ಭಾಷಣ ಯಾರದು? ಶಾಂತಿಪಾಲನೆಯ ಹೊಣೆ ಹೊತ್ತವರು ಹಾಗೆ ಕೇಳುವುದು ಸಹಜ. ಕೋಮು ಕಾವಿನ ದಿನಗಳಲ್ಲಿ ಯಾರು ಮೈಕು ಹಿಡಿಯುತ್ತಾರೆಂದು ತಿಳಿಯದೆ ಸಹಿ ಹಾಕುವ ಇನ್‌ಸ್ಪೆಕ್ಟರ್ ಮರುದಿನ ಬೆಲೆ ತೆರಬೇಕಾದೀತು. ಆದರೂ ಸದ್ದಿನ ಪರವಾನಗಿಯ ಬಾಗಿಲಲ್ಲಿ ವಿಷಯದ ತಪಾಸಣೆ ನಡೆಯುತ್ತಿದೆ ಎಂಬುದನ್ನು ಅಲ್ಲಗಳೆಯಲಾಗದು. ಜಾತಿ ದೌರ್ಜನ್ಯದ ಬೀದಿನಾಟಕಕ್ಕೆ "ಮುಂದಿನ ವಾರ ನೋಡೋಣ" ಎಂಬ ಉತ್ತರ ಬಂದರೆ ಅದರಲ್ಲಿ ಡೆಸಿಬಲ್ ಎಷ್ಟು, ಅಂಜಿಕೆ ಎಷ್ಟು ಎಂದು ಬಿಡಿಸುವವರಾರು?

ದೂರು ಕೊಡುವವರ ಕಡೆಯೂ ಈ ಬೆರಕೆ ಇದೆ. ಬೆಂಗಳೂರಿನ ರಾಜ್ಯೋತ್ಸವವನ್ನೇ ನೋಡಿ. ನವೆಂಬರ್ 1ರ ಹಬ್ಬ ತಿಂಗಳಿಡೀ ಬೀದಿಯಿಂದ ಬೀದಿಗೆ ಸಾಗುತ್ತದೆ, ಪ್ರತಿ ಕಡೆ ಬಾವುಟ, ಆರ್ಕೆಸ್ಟ್ರಾ, ಸನ್ಮಾನ. ಎದುರಿನ ಅಪಾರ್ಟ್‌ಮೆಂಟಿನಿಂದ ದೂರು ಹೋದರೆ ಸಂಘದವರು ತಟ್ಟನೆ ಅದನ್ನು ಕನ್ನಡದ ಮೇಲಿನ ಅಸಹನೆ ಎಂದು ಓದುತ್ತಾರೆ. ಕೆಲವೊಮ್ಮೆ ಅದು ಹೌದೇನೋ. ಬೇರೆ ಭಾಷೆಯ ಹಬ್ಬದ ಗದ್ದಲಕ್ಕೆ ಕಿವಿ ಮುಚ್ಚಿಕೊಂಡವರು ರಾಜ್ಯೋತ್ಸವಕ್ಕೆ ಮಾತ್ರ ಫೋನ್ ಎತ್ತಿದರೆ ಅನುಮಾನ ಬಾರದೆ ಇರದು. ಆದರೆ ಅದೇ ಅಪಾರ್ಟ್‌ಮೆಂಟಿನ ಎರಡನೇ ಮಹಡಿಯಲ್ಲಿ ಹಾಸನದಿಂದ ಬಂದು ನೆಲೆಸಿದ ದಂಪತಿಯೂ ಇರುತ್ತಾರೆ, ಅವರಿಗೂ ನಿದ್ದೆ ಬೇಕು. "ಕನ್ನಡದ ಕಾರ್ಯಕ್ರಮ ಕಣಮ್ಮ" ಎಂದ ಮಾತ್ರಕ್ಕೆ ಆ ತಾಯಿಯ ತಲೆನೋವು ಇಳಿಯುವುದಿಲ್ಲ. ಮೀಟರ್ ಹಿಡಿದು ಬೇಲಿಯ ಬಳಿ ನಿಂತರೆ ಈ ಅನುಮಾನಗಳೆಲ್ಲ ಒಂದು ಸಂಖ್ಯೆಗೆ ಇಳಿಯುತ್ತವೆ. 64 ಬಂದರೆ ದೂರುದಾರರು ಸುಮ್ಮನಾಗಬೇಕು, 78 ಬಂದರೆ ಹಾಡಿನ ಭಾಷೆ ಯಾವುದಾದರೂ ಗುಂಡಿ ತಿರುಗಿಸಬೇಕು. ಮೀಟರ್ ಇಲ್ಲದೆ ಬಂದ ಪೊಲೀಸರು ಕಿವಿಯಿಂದ ತೀರ್ಪು ಕೊಡಬೇಕಾಗುತ್ತದೆ. ಕಿವಿಗೆ ಪಕ್ಷಪಾತವಿದೆ.

ಕಬ್ಬನ್ ಪಾರ್ಕಿನ ಸಂಗತಿ ಸ್ವಲ್ಪ ಬೇರೆ. ಅದರ ಅಂಚಿನಲ್ಲೇ ಹೈಕೋರ್ಟಿದೆ. ಆಸ್ಪತ್ರೆ, ಶಾಲೆ, ಕೋರ್ಟುಗಳ ಸುತ್ತ 100 ಮೀಟರಿನ ಜಾಗವನ್ನು ನಿಶ್ಶಬ್ದ ವಲಯವೆಂದು ಘೋಷಿಸಬಹುದು, ಅಲ್ಲಿನ ಹಗಲಿನ ಮಟ್ಟ 50. 2017ರ ತಿದ್ದುಪಡಿಯ ನಂತರ ರಾಜ್ಯ ಸರ್ಕಾರ ಘೋಷಿಸಿದರಷ್ಟೇ ಅದು ವಲಯ. ಅದೇ ಪಾರ್ಕಿನಲ್ಲಿ ಬ್ರಿಟಿಷರ ಸೇನಾ ವಾದ್ಯವೃಂದ ನುಡಿಸುತ್ತಿದ್ದ ಎಂಟು ಮೂಲೆಯ ಬ್ಯಾಂಡ್‌ಸ್ಟ್ಯಾಂಡ್ ಇನ್ನೂ ನಿಂತಿದೆ. ಮೈಕಿಲ್ಲದ ಕಾಲದಲ್ಲೂ ಪಾರ್ಕೆಂದರೆ ಮೌನ ಮಾತ್ರ ಎಂದು ಯಾರೂ ಅಂದುಕೊಂಡಿರಲಿಲ್ಲ. ಸದ್ದಿಗೊಂದು ಜಾಗ ಕಟ್ಟಿಕೊಟ್ಟಿದ್ದರು, ಅಷ್ಟೆ.

ಜಾಗ ಕಟ್ಟಿಕೊಡುವ ಈ ಉಪಾಯದ ಕಹಿ ರೂಪವೂ ಬೆಂಗಳೂರಿಗೆ ಗೊತ್ತು. ಹಳೆಯ ಸೆಂಟ್ರಲ್ ಜೈಲು, ತುರ್ತುಪರಿಸ್ಥಿತಿಯಲ್ಲಿ ವಾಜಪೇಯಿ, ಆಡ್ವಾಣಿಯವರನ್ನು ಕೂಡಿಹಾಕಿದ್ದ ಅದೇ ಆವರಣ, 2008ರಲ್ಲಿ ಫ್ರೀಡಂ ಪಾರ್ಕ್ ಆಯಿತು. 2021ರ ಪೊಲೀಸ್ ಆದೇಶದಿಂದ ನಗರದ ಪ್ರತಿಭಟನೆಗಳಿಗೆಲ್ಲ ಅದೊಂದೇ ತಾಣ. ಟ್ರಾಫಿಕ್ ದೃಷ್ಟಿಯಿಂದ ಊರಿಗೆ ನೆಮ್ಮದಿ ಆಗಿರಬಹುದು. ಆದರೆ ಮೈಕಿನ ಕೂಗು ಯಾರಿಗೆ ಮುಟ್ಟಬೇಕೋ ಆ ವಿಧಾನಸೌಧ ಅಲ್ಲಿಂದ ದೂರ. ಕೂಗು ಕೇಳುವುದು ಶೇಷಾದ್ರಿ ರಸ್ತೆಯ ಕಾಲೇಜುಗಳಲ್ಲಿ ಪಾಠ ಕೇಳುತ್ತಿರುವ ವಿದ್ಯಾರ್ಥಿಗಳಿಗೆ. ಇಡೀ ನಗರದ ಗದ್ದಲವನ್ನು ಒಂದೇ ನೆರೆಹೊರೆಯ ತಲೆಗೆ ಕಟ್ಟುವುದು ಆ ನೆರೆಹೊರೆಗೂ ನ್ಯಾಯವಲ್ಲ, ಕೂಗುವವರಿಗೂ ಅಲ್ಲ. ಪಾರ್ಕಿನ ಮೈಕಿಗೂ ಹೀಗೆ ಒಂದೇ ಮೈದಾನ ತೋರಿಸಿ ಕೈತೊಳೆದುಕೊಳ್ಳುವ ಯೋಚನೆ ಆಗಾಗ ಕೇಳಿಬರುತ್ತದೆ. ನನಗದು ಒಪ್ಪಿಗೆಯಿಲ್ಲ. ಭಜನಾ ಮಂಡಳಿಯ ಅಜ್ಜಿಯರು ಎರಡು ಬಸ್ಸು ಬದಲಿಸಿ ಹಾಡಲು ಹೋಗುವುದಿಲ್ಲ.

ಇನ್ನೊಂದು ದಾರಿಯನ್ನು ನ್ಯೂಯಾರ್ಕ್ ನಗರ ಹಿಡಿಯಿತು, ಅದು ಹೆಚ್ಚು ಯೋಚನೆಗೆ ಹಚ್ಚುತ್ತದೆ. ಸೆಂಟ್ರಲ್ ಪಾರ್ಕಿನಲ್ಲಿ 1923ರಲ್ಲಿ ಕಟ್ಟಿದ ನೌಂಬರ್ಗ್ ಬ್ಯಾಂಡ್‌ಶೆಲ್ ಎಂಬ ವೇದಿಕೆಯಿದೆ. ಹತ್ತಿರದ ಶೀಪ್ ಮೆಡೋ ಎಂಬ ಹುಲ್ಲುಗಾವಲು ಸುಮ್ಮನೆ ಬಿದ್ದುಕೊಳ್ಳುವವರಿಗೆ ಮೀಸಲು, ಅದರಾಚೆ ಮನೆಗಳು. ಜನಾಂಗದ್ವೇಷದ ವಿರುದ್ಧ ಹಾಡುವ 'ರಾಕ್ ಅಗೇನ್‌ಸ್ಟ್ ರೇಸಿಸಂ' ಎಂಬ ತಂಡ 1979ರಿಂದ ವರ್ಷವರ್ಷ ಆ ವೇದಿಕೆಯಲ್ಲಿ ಕಾರ್ಯಕ್ರಮ ಮಾಡುತ್ತಿತ್ತು. ಸದ್ದಿನ ದೂರುಗಳು ಬಂದವು, ಒಮ್ಮೆ ನಗರದವರು ವಿದ್ಯುತ್ತನ್ನೇ ಕಿತ್ತು ಗಲಾಟೆಯಾಯಿತು. 1986ರಲ್ಲಿ ನಗರ ಹೊಸ ನಿಯಮ ತಂದಿತು: ಯಾರೇ ಹಾಡಲಿ, ಸೌಂಡ್ ಸಿಸ್ಟಂ ನಗರದ್ದು, ಅದನ್ನು ನಡೆಸುವ ತಂತ್ರಜ್ಞರೂ ನಗರದವರು. ಏನು ಹಾಡಬೇಕೆಂದು ಕೇಳುವುದಿಲ್ಲ, ಎಷ್ಟು ಜೋರೆಂಬುದು ಮಾತ್ರ ನಮ್ಮ ಕೈಯಲ್ಲಿ. ತಂಡ ಕೋರ್ಟಿಗೆ ಹೋಯಿತು. 1989ರಲ್ಲಿ ಸುಪ್ರೀಂ ಕೋರ್ಟ್ ಆರಕ್ಕೆ ಮೂರರಂತೆ ನಗರದ ಪರ ನಿಂತಿತು. ಭಿನ್ನಮತ ಬರೆದ ನ್ಯಾಯಮೂರ್ತಿ ಥರ್ಗುಡ್ ಮಾರ್ಷಲ್ ಅವರಿಗೆ ಸರ್ಕಾರದ ಕೈ ಗುಂಡಿಯ ಮೇಲಿರುವುದೇ ಅಪಾಯವೆಂದು ಕಂಡಿತು. ಬೇಡವಾದ ಹಾಡನ್ನು ನಿಷೇಧಿಸುವ ಗೋಜಿಲ್ಲದೆ ಪಿಸುಮಾತಿಗೆ ಇಳಿಸಿಬಿಡಬಹುದಲ್ಲ.

ಮಾರ್ಷಲ್ ಅವರ ಅಂಜಿಕೆ ನಮ್ಮ ಊರಿಗೆ ಇನ್ನೂ ಚೆನ್ನಾಗಿ ಹೊಂದುತ್ತದೆ. ಆದರೂ ಬೆಂಗಳೂರಿನಂಥ ಕಡೆ ನ್ಯೂಯಾರ್ಕಿನ ಉಪಾಯದ ಅರ್ಧಭಾಗ ತೆಗೆದುಕೊಳ್ಳಬಹುದು ಎಂದು ನನಗನಿಸುತ್ತದೆ. ದೊಡ್ಡ ಪಾರ್ಕುಗಳಲ್ಲಿ ಮನೆಗಳಿಗೆ ಬೆನ್ನು ಮಾಡಿ, ಮಟ್ಟ ಮೀರದಂತೆ ಮಿತಿ ಕಟ್ಟಿದ ಸ್ಪೀಕರನ್ನು ಪಾಲಿಕೆಯೇ ನೆಟ್ಟು, ಗುಂಡಿಯನ್ನು ಕಾರ್ಯಕ್ರಮದವರ ಕೈಗೇ ಕೊಡಬಹುದು. 95ಕ್ಕಿಂತ ಮೇಲೇಳದ ಯಂತ್ರಕ್ಕೆ ಕಾವಲುಗಾರ ಬೇಡ. ಅಲ್ಲಿ ಹಗಲು ಕಾರ್ಯಕ್ರಮ ಮಾಡುವವರು ಜಾಗ ಕಾಯ್ದಿರಿಸಿದರೆ ಅದೇ ಪರವಾನಗಿ ಎಂದಾಗಬೇಕು. ತಮ್ಮದೇ ಸೌಂಡ್ ಸಿಸ್ಟಂ ತರುವವರು ಮಾತ್ರ ಸಮಿತಿಯ ಮುಂದೆ ಹೋಗಲಿ, ಡಿಜೆಯವರು ಅಲ್ಲೇ ನಿಲ್ಲಲಿ. ಅರ್ಜಿಗೆ ಉತ್ತರ ಕೊಡಲು ಗಡುವೂ ಇರಲಿ. ಸಣ್ಣ ಸಂಘಗಳನ್ನು ಸೋಲಿಸುವುದು ನಿರಾಕರಣೆಗಿಂತ ಹೆಚ್ಚಾಗಿ ಕೊನೆಯ ದಿನದವರೆಗೂ ಬಾರದ ಉತ್ತರ. ಗಣೇಶನ ಪೆಂಡಾಲುಗಳಿಗೆಂದು ಪಾಲಿಕೆ, ಪೊಲೀಸ್, ಬೆಸ್ಕಾಂ ಎಲ್ಲ ಒಂದೇ ಸೂರಿನಡಿ ಕೂರುವ ಏಕಗವಾಕ್ಷಿ ವ್ಯವಸ್ಥೆಯನ್ನು ನಗರ ಈಗಾಗಲೇ ಮಾಡಿದೆ. ಭಾದ್ರಪದದಲ್ಲಿ ಸಾಧ್ಯವಾದದ್ದು ಉಳಿದ ಹನ್ನೊಂದು ತಿಂಗಳು ಏಕೆ ಅಸಾಧ್ಯ ಎಂದು ಯಾರೂ ವಿವರಿಸಿಲ್ಲ.

ಎದುರು ಮನೆಯವರಿಗೆ ಇದರಲ್ಲಿ ಸಿಗುವುದೇನು? ಅವರು ಕೇಳಬೇಕಾದದ್ದು ಎರಡು. ಒಂದು, ಒಂದೇ ಪಾರ್ಕಿನಲ್ಲಿ ತಿಂಗಳಿಗೆ ಇಷ್ಟೇ ಕಾರ್ಯಕ್ರಮ ಎಂಬ ಲೆಕ್ಕ. ಡೆಸಿಬಲ್ ಮಿತಿ ಒಂದು ಸಂಜೆಯನ್ನು ಕಾಯುತ್ತದೆ, ತಿಂಗಳನ್ನು ಕಾಯುವುದಿಲ್ಲ, ಮತ್ತು 2000ದ ನಿಯಮಗಳಲ್ಲಿ ಹಗಲಿನ ಕಾರ್ಯಕ್ರಮಗಳಿಗೆ ಇಂಥ ಎಣಿಕೆ ಇಲ್ಲ. ಇನ್ನೊಂದು, ಮುಂದಿನ ಕಾರ್ಯಕ್ರಮ ಎಂದು, ಎಷ್ಟು ಹೊತ್ತಿಗೆ ಮುಗಿಯುತ್ತದೆ, ಯಾರಿಗೆ ಫೋನ್ ಮಾಡಬೇಕು ಎಂದು ಗೇಟಿನಲ್ಲಿ ಒಂದು ವಾರ ಮೊದಲೇ ಬರೆದು ಹಾಕುವುದು. ಏಳೂವರೆಗೆ ಮುಗಿಯುತ್ತದೆ ಎಂದು ಗೊತ್ತಿರುವ ಸದ್ದನ್ನು ತಡೆದುಕೊಳ್ಳುವುದು ಬೇರೆ, ಯಾವಾಗ ಮುಗಿದೀತೋ ಎಂದು ಕಾಯುವುದು ಬೇರೆ.

ಈ ಏರ್ಪಾಡಿಗೆ ಸಿಗದ ಪಾರ್ಕುಗಳೂ ಇವೆ, ಬೆಂಗಳೂರಿನಲ್ಲಿ ಅವೇ ಹೆಚ್ಚು. ಕಾಲು ಎಕರೆಯ, ಮೂರೂ ಕಡೆ ಮನೆಗಳ ಗೋಡೆ ತಾಗಿರುವ, ನಾಲ್ಕು ಬೆಂಚು ಒಂದು ಜಾರುಬಂಡೆಯ ಪಾರ್ಕುಗಳು. ಅಲ್ಲಿ ನಡುವಿನಿಂದ ಬೇಲಿಗೆ 16 ಮೀಟರ್. ಮೇಷ್ಟ್ರ ಪುಟ್ಟ ಸ್ಪೀಕರಿಗೆ ಅಷ್ಟು ಸಾಕು. ಆರ್ಕೆಸ್ಟ್ರಾಕ್ಕೆ ಯಾವ ಷರತ್ತು ಹಾಕಿದರೂ ಸಾಲದು. ಅಂಥ ಕಡೆ ದೊಡ್ಡ ಮೈಕಿಗೆ ಅನುಮತಿ ಇಲ್ಲವೆಂದು ಗೇಟಿನ ಬೋರ್ಡಿನಲ್ಲೇ ಬರೆದುಬಿಡುವುದು ಒಳ್ಳೆಯದು. ರಾಜ್ಯೋತ್ಸವಕ್ಕೂ ಶಾಸಕರ ಹುಟ್ಟುಹಬ್ಬಕ್ಕೂ ಅದೇ ಬೋರ್ಡು. ಅರ್ಜಿ ಬರೆದು ಅಲೆಯುವ ಕೆಲಸವಾದರೂ ಸಂಘದವರಿಗೆ ತಪ್ಪುತ್ತದೆ.